ಸೀನನ ಸಾವಿರದೆಂಟುನೂರು ಹಂಪಿ

ಭಾನುವಾರ ಬೆಳಗ್ಗೆ ಹೋಟೆಲಿಗೆ ಬಂದು ಕೂತವನೇ ಸೀನ ಕೇಳಿದ್ದು ಕಾಫಿಯನ್ನಲ್ಲ. ‘ಯಾರ ಹತ್ರಾನಾದ್ರೂ ಚಾರ್ಜರ್ ಇದೆಯೇನ್ರೋ?’

ನಮ್ಮ ಎದೆ ಧಸಕ್ಕೆಂದಿತು. ಹಿಂದಿನ ರಾತ್ರಿಯಷ್ಟೇ ಹಂಪಿಯಿಂದ ಬಂದಿಳಿದ ಮನುಷ್ಯ ಚಾರ್ಜರ್ ಹುಡುಕುತ್ತಾನೆ ಅಂದರೆ ಏನರ್ಥ ಅಂತ ನಮಗೆ ಗೊತ್ತು. ಹೋದ ವರ್ಷ ಅವನು ರಾಜಸ್ಥಾನಕ್ಕೆ ಹೋಗಿ ಬಂದಾಗ ಮಧ್ಯಾಹ್ನದ ಊಟವೇ ತಪ್ಪಿತ್ತು.

‘ಎಷ್ಟು ತೆಗೆದಿದ್ದೀಯೋ?’ ಅಂದೆ.

‘ಜಾಸ್ತಿ ಇಲ್ಲ ಕಣೋ. ಸಾವಿರದೆಂಟುನೂರು ಚಿಲ್ಲರೆ.’

‘ಎಷ್ಟ್ ದಿನ ಇದ್ದಿ?’ ಅಂದ ಬಸವರಾಜ.

‘ಒಂದೂವರೆ ದಿನ.’

ಬಸವರಾಜ ಗಂಗಾವತಿ ಕಡೆಯವನು, ಹೊಳೆ ದಾಟಿದರೆ ಹಂಪಿ. ಬೆರಳು ಮಡಚಿ ಲೆಕ್ಕ ಹಾಕಿದ. ‘ಊಟ, ನಿದ್ದಿ ತಗದು ಹದಿನೈದು ತಾಸು ಅಂತ ಹಿಡಿ. ನಿಮಿಷಕ್ಕ ಎರಡು ಫೋಟೋ. ಅಲ್ಲೋ ಸೀನಾ, ಕಣ್ಣು ಯಾವಾಗ ಮಿಟುಕಿಸ್ದಿ?’

ನಾಲ್ಕನೆಯವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ರಿಟೈರಾಗಿ ಹತ್ತು ವರ್ಷವಾದರೂ ಜೇಬಿನಲ್ಲಿ ಇನ್ನೂ ಪೆನ್ಸಿಲ್ಲು, ತುದಿ ಚೂಪು. ಅವರು ಮಾತಾಡಲಿಲ್ಲ, ಕನ್ನಡಕ ಒರೆಸಿಕೊಂಡರು. ಅದು ಇನ್ನೂ ಕೆಟ್ಟ ಲಕ್ಷಣ.

ಮೊದಲ ನೂರು ಫೋಟೋ ಹೊಸಪೇಟೆಯ ಹೋಟೆಲ್ ರೂಮಿನಲ್ಲೇ ಮುಗಿದವು. ಆಮೇಲೆ ಬ್ಯಾಟರಿ ಗಾಡಿ, ಬ್ಯಾಟರಿ ಗಾಡಿಯ ಕ್ಯೂ, ಕ್ಯೂನಲ್ಲಿ ಸೀನ. ಅಂತೂ ವಿಠ್ಠಲ ದೇವಸ್ಥಾನ ಬಂತು.

‘ನೋಡಿ, ಕಲ್ಲಿನ ರಥ!’

ಬಸವರಾಜ ಫೋನನ್ನು ಮೂಗಿನ ಹತ್ತಿರ ತಂದುಕೊಂಡ. ‘ರಥ ಎಲ್ಲಿ ಐತಿ ಇದ್ರಾಗ? ನಿನ್ನ ಹೊಟ್ಟಿ ಅಷ್ಟ ಕಾಣಾಕತ್ತೈತಿ.’

‘ಹಿಂದೆ ಇದೆ ಕಣೋ, ಭುಜದ ಮೇಲೆ ಒಂದು ಚಕ್ರ ಕಾಣ್ತಿಲ್ವಾ? ಇಡೀ ರಥ ಒಂದೇ ಕಲ್ಲಲ್ಲಿ ಕೆತ್ತಿರೋದು, ಏಕಶಿಲೆ!’

ಮೇಷ್ಟ್ರು ಕನ್ನಡಕ ಏರಿಸಿದರು. ‘ಯಾರಯ್ಯ ಹೇಳಿದ್ದು? ಕಲ್ಲಿನ ತುಂಡುಗಳನ್ನ ಜೋಡಿಸಿ ಕಟ್ಟಿರೋದು ಅದು. ಸಂದು ಕಾಣದ ಹಾಗೆ ಕೆತ್ತನೆಯಲ್ಲಿ ಮುಚ್ಚಿದ್ದಾರೆ, ಜಾಣತನ ಇರೋದು ಅಲ್ಲಿ. ಅದು ರಥಾನೂ ಅಲ್ಲ, ಗರುಡನ ಗುಡಿ. ಹೋಗಲಿ, ಅದನ್ನ ಎಳೀತಿರೋ ಪ್ರಾಣಿ ಯಾವುದು ಹೇಳು.’

‘ಆನೆ ಸಾರ್.’

‘ಆನೆಯ ಹಿಂದೆ ಏನಿತ್ತು?’

ಸೀನ ಫೋಟೋ ಹಿಂದೆ ಮುಂದೆ ಜಾರಿಸಿದ. ಎಪ್ಪತ್ತಮೂರು ಫೋಟೋಗಳಲ್ಲಿ ಆನೆಯ ಹಿಂದೆ ಇದ್ದದ್ದು ಸೀನನ ಭಾಮೈದ.

‘ಕುದುರೆಯ ಬಾಲ, ಹಿಂಗಾಲು,’ ಅಂದರು ಮೇಷ್ಟ್ರು. ‘ಮೊದಲು ಅಲ್ಲಿದ್ದದ್ದು ಕುದುರೆ. ಅವು ಹಾಳಾದ ಮೇಲೆ ಬೇರೆ ಕಡೆಯಿಂದ ಆನೆಗಳನ್ನ ತಂದು ನಿಲ್ಲಿಸಿದ್ದಾರೆ. ಬಗ್ಗಿ ನೋಡಿದರೆ ಹಳೇ ಕುದುರೆಯ ಗುರುತು ಕಲ್ಲಲ್ಲಿ ಹಾಗೇ ಇದೆ.’

ನಾನು ಕಾಫಿ ಲೋಟದೊಳಗೆ ಮುಖ ಇಟ್ಟೆ. ಯಾಕೆಂದರೆ ಮೂರು ಸಲ ಹಂಪಿಗೆ ಹೋದವನು ನಾನೂ ಆ ಬಾಲ ಕಂಡವನಲ್ಲ. ಮೊದಲ ಸಲ ಹೋದಾಗ ಕಾಲೇಜು, ಕೈಯಲ್ಲಿ ಸೋದರಮಾವನ ಕ್ಯಾಮರಾ, ಅದರಲ್ಲಿ 36 ಫೋಟೋದ ಒಂದೇ ರೀಲು. ಒಂದೊಂದು ಫೋಟೋಗೂ ಹತ್ತು ನಿಮಿಷ ಚರ್ಚೆ. ಕೊನೆಗೆ ರೀಲು ಮುಗೀತೋ ಇಲ್ಲವೋ ಅಂತ ಅನುಮಾನ ಬಂದು, ಕಮಲಾಪುರದ ಬಸ್‌ಸ್ಟ್ಯಾಂಡಿನ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಳ ತೆಗೆದು ನೋಡಿದೆ. ಸ್ಟುಡಿಯೋದವನು ಪ್ರಿಂಟು ಕೊಡುವಾಗ ‘ಯಾವೂರು ಸಾರ್, ಬರೀ ಮಂಜು?’ ಅಂದ. ಇದನ್ನೆಲ್ಲ ಆ ಹೊತ್ತಿನಲ್ಲಿ ನಾನು ಬಾಯಿಬಿಡಲಿಲ್ಲ.

‘ಅಲ್ಲಿ ಫೋಟೋ ಮೊದಲು ತೆಗೆದವರಲ್ಲಿ ಒಬ್ಬ ಗ್ರೀನ್‌ಲಾ ಅಂತ ಬ್ರಿಟಿಷ್ ಸೈನ್ಯದ ಅಧಿಕಾರಿ,’ ಮೇಷ್ಟ್ರು ಬಿಡುವ ಹಾಗಿರಲಿಲ್ಲ. ‘1856ರಲ್ಲಿ. ಮೇಣ ಸವರಿದ ಕಾಗದವೇ ನೆಗೆಟಿವ್, ಒಂದೊಂದೂ ಒಂದಡಿಗಿಂತ ಅಗಲ. ಇಡೀ ಹಂಪಿಗೆ ಸುಮಾರು 60 ಫೋಟೋ. ಅದರಲ್ಲಿ ಇದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಆಮೇಲೆ ಅದನ್ನ ತೆಗೆದುಬಿಟ್ಟರು. ಆ ಪುಣ್ಯಾತ್ಮ ರಥದ ಮುಂದೆ ತಾನು ನಿಂತು ಹಲ್ಲು ಕಿರಿದಿದ್ದರೆ ಶಿಖರ ಇತ್ತು ಅಂತ ನಮಗೆ ಗೊತ್ತಾಗ್ತಿತ್ತೇನಯ್ಯ?’

‘ಆಗಿನ ಕ್ಯಾಮರಾ ಮುಂದ ನಿಮಿಷಗಟ್ಟಲೆ ಅಲುಗಾಡ್ದಂಗ ನಿಲ್ಬೇಕಿತ್ತಂತ,’ ಅಂದ ಬಸವರಾಜ. ‘ಕಲ್ಲು ನಿಲ್ತಾವು. ಸೀನ ನಿಂತಿದ್ರ ಬರೀ ಹೊಗಿ ಬರ್ತಿತ್ತು.’

ಸೀನನಿಗೆ ರೋಷ ಬಂತು. ‘ಸರಿ ಸಾರ್, ಇದನ್ನ ನೋಡಿ’ ಅಂತ ವಿರೂಪಾಕ್ಷ ದೇವಸ್ಥಾನದ ಒಂದು ಫೋಟೋ ತೆಗೆದು ಮೇಷ್ಟ್ರ ಮುಂದೆ ಹಿಡಿದ. ಅದರಲ್ಲಿ ಅವನಿರಲಿಲ್ಲ. ಭಾಮೈದನೂ ಇರಲಿಲ್ಲ. ಮಬ್ಬು ಗೋಡೆ, ಗೋಡೆಯ ಮೇಲೆ ನೆಟ್ಟಗೆ ನಿಂತ ಗೋಪುರದ ನೆರಳು. ಮೇಷ್ಟ್ರು ಮೊದಲು ಖುಷಿಯಾದರು, ಆಮೇಲೆ ಫೋನನ್ನು ಆ ಕಡೆ ಈ ಕಡೆ ತಿರುಗಿಸಿದರು.

‘ಇದು ಉಲ್ಟಾ ಅಲ್ವೇನಯ್ಯ ಇರಬೇಕಾದ್ದು?’

‘ಉಲ್ಟಾನೇ ಇತ್ತು ಸಾರ್. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಟೆಕ್ಸಾಸಲ್ಲಿರೋ ನಾದಿನಿ “ಭಾವ, ಫೋಟೋ ತಲೆಕೆಳಗಾಗಿದೆ, ಸರಿ ಮಾಡಿ ಹಾಕಿ” ಅಂದಳು. ಸರಿ ಮಾಡಿದೆ. ನಲವತ್ತು ಲೈಕು ಬಂತು.’

ಮೇಷ್ಟ್ರು ಹಣೆ ಚಚ್ಚಿಕೊಂಡ ಸದ್ದಿಗೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಟಿಶ್ಯೂ ಕಾಗದದ ಮೇಲೆ ಗೋಪುರ ಬರೆದು, ನಡುವೆ ಒಂದು ಗೋಡೆ, ಗೋಡೆಗೊಂದು ತೂತು, ಆಚೆ ಕತ್ತಲೆ ಕೋಣೆ ಬರೆದರು. ತುದಿಯಿಂದ ಹೊರಟ ಗೆರೆ ತೂತಿನಲ್ಲಿ ನುಸುಳಿ ಕೋಣೆಯ ಕೆಳಕ್ಕೆ ಇಳಿಯಿತು, ಬುಡದಿಂದ ಹೊರಟದ್ದು ಮೇಲಕ್ಕೆ ಏರಿತು. ‘ಒಂಬತ್ತು ಅಂತಸ್ತಿನ ಗೋಪುರ ಕಣಯ್ಯ, ಐವತ್ತು ಮೀಟರ್ ಎತ್ತರ. ಅಷ್ಟನ್ನೂ ಒಂದು ತೂತು ತಲೆಕೆಳಗು ಮಾಡಿ ಗೋಡೆ ಮೇಲೆ ಇಳಿಸುತ್ತೆ. ಲೆನ್ಸಿಲ್ಲ, ಫಿಲ್ಮಿಲ್ಲ. ಕ್ಯಾಮರಾ ಅಂದರೆ ಅದೇ. ನೀನು ಅದನ್ನ ರಿಪೇರಿ ಮಾಡಿಬಿಟ್ಟೆ!’

‘ಚಾರ್ಜರೂ ಬೇಕಾಗಿಲ್ಲ ನೋಡು ಅದಕ್ಕ,’ ಅಂದ ಬಸವರಾಜ.

‘ಅದೇ ಗುಡಿಯ ರಂಗಮಂಟಪದ ಸೂರಿನ ಚಿತ್ರಗಳನ್ನಾದರೂ ನೋಡಿದೆಯಾ? ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಮತ್ಸ್ಯಯಂತ್ರ ಹೊಡೆಯೋ ಅರ್ಜುನ?’

‘ಸೂರಲ್ಲಿ ಚಿತ್ರ ಇದೆಯಾ ಸಾರ್?’ ಅಂದ ಸೀನ. ‘ನಾನು ಅಲ್ಲಿ ಕೂತು ಫೋಟೋ ಕಳಿಸ್ತಿದ್ದೆ. ನೆಟ್‌ವರ್ಕ್ ಚೆನ್ನಾಗಿತ್ತು.’

‘ಅರ್ಜುನನೂ ತಲೆ ಬಗ್ಗಿಸಿದವನೇ ಬಿಡಪ್ಪ,’ ಮೇಷ್ಟ್ರು ನಿಟ್ಟುಸಿರುಬಿಟ್ಟರು. ‘ಅವನು ನೀರಲ್ಲಿ ನೋಡಿದ. ಮೀನಿಗೆ ಹೊಡೆದ.’

ನರಸಿಂಹನ ಸರದಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕೆತ್ತಿದ, 6.7 ಮೀಟರಿನ ಮೂರ್ತಿ. ಅದರ ಮುಂದೆ ನಮ್ಮ ಸೀನ ತಾನೂ ಕಣ್ಣು ಕೆಕ್ಕರಿಸಿ, ಬಾಯಗಲಿಸಿ ನಿಂತಿದ್ದ. ‘ಇಬ್ರಾಗ ಉಗ್ರ ಯಾರು?’ ಅಂತ ಕೇಳಿದ ಬಸವರಾಜ, ನಕ್ಕು ಮುಗಿಸಿ ಸ್ವಲ್ಪ ಸುಮ್ಮನಾದ.

‘ನಮ್ಮಜ್ಜಿ ಅವನ್ನ ಉಗ್ರ ಅಂತ ಕರೀತಿದ್ದಿಲ್ಲ. ಅವ ಲಕ್ಷ್ಮೀ ನರಸಿಂಹ. ತೊಡಿ ಮ್ಯಾಲೆ ಲಕ್ಷ್ಮವ್ವ ಕುಂತಿದ್ಲು, ಒಡದು ಹಾಕ್ಯಾರ. ಆದ್ರ ಅಕಿ ಕೈ ಒಂದು ಅವನ ಬೆನ್ನ ಮ್ಯಾಲೆ ಇನ್ನೂ ಐತಿ. ಅಜ್ಜಿ ನನ್ನ ಎತ್ತಿಕೊಂಡು ಅದನ್ನಷ್ಟ ತೋರಿಸಿದ್ಲು. ಹಲ್ಲು, ಕಣ್ಣು ನನಗ ನೆಪ್ಪಿಲ್ಲ. ಆ ಕೈ ನೆಪ್ಪೈತಿ.’

ಸೀನ ಒಂದು ಕ್ಷಣ ಬಸವರಾಜನ ಮುಖ ನೋಡಿದ. ಆಮೇಲೆ ಗಡಿಬಿಡಿಯಿಂದ ಫೋಟೋಗಳಲ್ಲಿ ಬೆನ್ನು ಹುಡುಕತೊಡಗಿದ. ಎದುರಿನಿಂದ ಐವತ್ತೆರಡು. ಪಕ್ಕದಿಂದ ಒಂದೂ ಇಲ್ಲ. ಅಷ್ಟರಲ್ಲಿ ಫೋನು ಟುಂಯ್ ಅಂದು ಕಪ್ಪಾಯಿತು. ಹಜಾರರಾಮ, ಕಮಲಮಹಲು, ಹನ್ನೊಂದು ಅಂಕಣದ ಗಜಶಾಲೆ, ಮಾತಂಗ ಬೆಟ್ಟದ ಸೂರ್ಯೋದಯ ಎಲ್ಲ ಒಳಗೇ ಮುಳುಗಿದವು. ನಾವು ಮೂವರೂ ಆದಷ್ಟು ದುಃಖದ ಮುಖ ಮಾಡಿದೆವು.

ಬಿಲ್ಲು ಬಂತು, ಇನ್ನೂರ ಅರವತ್ತು. ಕೊಡಬೇಕಾದವನು ಸೀನ. ಅವನ ದುಡ್ಡೆಲ್ಲ ಸತ್ತ ಫೋನಿನೊಳಗೆ. ಬೈದುಕೊಂಡು ನಾನೇ ಜೇಬಿಗೆ ಕೈ ಹಾಕಿ ಒಂದು ಇನ್ನೂರರ ನೋಟು, ಒಂದು ಐವತ್ತರ ನೋಟು ತೆಗೆದಿಟ್ಟೆ. ಐವತ್ತರದ್ದು ಬೆನ್ನು ಮೇಲಾಗಿ ಬಿತ್ತು. ನೀಲಿ ಬಣ್ಣದಲ್ಲಿ ಕಲ್ಲಿನ ರಥ. 2017ರಿಂದ ದಿನಾ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ನಾಲ್ಕು ತಲೆಯೂ ಒಟ್ಟಿಗೆ ಬಗ್ಗಿದವು. ಸೀನ ನೋಟಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದ. ದೊಡ್ಡದಾಗಲಿಲ್ಲ. ಇನ್ನೊಮ್ಮೆ ಅಗಲಿಸಿದ.

‘ಯಾಕ್ ಸಾರ್, ಕಳ್ಳನೋಟಾ?’ ಅಂದ ಮಾಣಿ.

‘ಕುದುರಿ ಬಾಲ ಹುಡುಕಾಕತ್ತೀವಿ, ತಡಿಯಪಾ,’ ಅಂದ ಬಸವರಾಜ.

ಮಾಣಿ ತಾನೂ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ‘ಇದ್ರಲ್ಲಿ ಇರೋದು ಆನೆ ಸಾರ್,’ ಅಂದ. ‘ಇನ್ನೊಂದು ಹತ್ತು ರೂಪಾಯಿ ಕೊಡಿ.’