199 ರೂಪಾಯಿ ಕಾಮಿಡಿ ಮತ್ತು ನಮ್ಮ ಮನೆ ಗ್ರೂಪ್

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೈಸೂರು, ದಾವಣಗೆರೆ, ಬೆಂಗಳೂರು, ನ್ಯೂಜೆರ್ಸಿ ಎಲ್ಲಾ ಇವೆ. ಅಲ್ಲಿ ನಾನೊಂದು ಪೋಸ್ಟರ್ ಹಾಕಿದೆ. ಇಂದಿರಾನಗರದ ಒಂದು ಸಣ್ಣ ಕ್ಲಬ್ಬಿನ ಮೇಲ್ಮಹಡಿ, ಭಾನುವಾರ ಸಂಜೆ 5 ಗಂಟೆ, ಕನ್ನಡ ಸ್ಟ್ಯಾಂಡ್ ಅಪ್ ಕಾಮಿಡಿಯ ಓಪನ್ ಮೈಕ್ (ಹೊಸಬರು ಒಬ್ಬೊಬ್ಬರೇ ಮೈಕ್ ಹಿಡಿದು ಜೋಕ್ ಹೇಳಿ ನೋಡುವ ಶೋ), ಟಿಕೆಟ್ 199. ಆಮೇಲೆ ನಡೆದದ್ದು ಇದು. ಹೆಸರುಗಳನ್ನು ತೆಗೆದು ಸಂಬಂಧಗಳನ್ನಷ್ಟೇ ಇಟ್ಟಿದ್ದೇನೆ. ನಡುವೆ ಬಂದ ಶುಭರಾತ್ರಿ ಗುಲಾಬಿಗಳನ್ನೂ ಕಿತ್ತಿದ್ದೇನೆ.

ನಾನು: ಯಾರು ಯಾರು ಬರುತ್ತೀರಿ? ಬೆಂಗಳೂರಿನಲ್ಲಿರುವವರು ಕೈ ಎತ್ತಿ.

ಚಿಕ್ಕಮ್ಮ: ನಾನು ಶನಿವಾರವೇ ಬೆಂಗಳೂರಿಗೆ ಬರುತ್ತಿದ್ದೇನೆ. ನನ್ನದೊಂದು ಟಿಕೆಟ್.

ದೊಡ್ಡಪ್ಪ: ಪೋಸ್ಟರಿನಲ್ಲಿ 12 ಫೋಟೋ ಇವೆ. ಒಬ್ಬರ ಮುಖವೂ ಗೊತ್ತಿಲ್ಲ. ಇವರಿಗೆ 199 ಯಾಕೆ ಕೊಡಬೇಕು? ಗಣಪತಿ ಹಬ್ಬದಲ್ಲಿ, ರಾಜ್ಯೋತ್ಸವದಲ್ಲಿ ಪ್ರಾಣೇಶ್, ಕೃಷ್ಣೇಗೌಡರು, ಸುಧಾ ಬರಗೂರು ಇವರ ಹಾಸ್ಯವನ್ನು ಪುಕ್ಕಟೆ ಕೇಳಿದ್ದೇನೆ. ಕುರ್ಚಿ ಹಾಕಿ, ಪ್ರಸಾದ ಕೊಟ್ಟು ಕಳಿಸುತ್ತಾರೆ.

ತಮ್ಮ: ದೊಡ್ಡಪ್ಪ, ಅಲ್ಲಿ ಟಿಕೆಟ್ ಇಲ್ಲ ಅಷ್ಟೇ. ಚಂದಾ ಇದೆ. ಹೋದ ವರ್ಷ ನೀವೇ ರಸೀದಿ ಪುಸ್ತಕ ಹಿಡಿದು ಬೀದಿ ಸುತ್ತಿದ್ದಿರಿ.

ದೊಡ್ಡಪ್ಪ: ಅದು ದೇವರ ಕೆಲಸ.

ಬಾವ: ಲೆಕ್ಕಕ್ಕೆ ಬನ್ನಿ. ಟಿಕೆಟ್ 199. ಆ್ಯಪಿನಲ್ಲಿ ಬುಕ್ ಮಾಡಿದರೆ ಅದರ ಶುಲ್ಕ ಬೇರೆ. ಒಳಗೆ ಹೋದ ಮೇಲೆ ಒಬ್ಬೊಬ್ಬರೂ ಏನಾದರೂ ಒಂದು ತಗೊಳ್ಳಲೇಬೇಕು. ನಾವು ಹಿಂದೊಮ್ಮೆ ಹೋಗಿದ್ದ ಕಡೆ ನಿಂಬೆ ಸೋಡಾಕ್ಕೆ 180. ಮೆಟ್ರೋ ಟಿಕೆಟ್ಟೂ 2025ರ ಫೆಬ್ರವರಿಯಲ್ಲಿ ಏರಿತು, ಗರಿಷ್ಠ 60 ಇದ್ದದ್ದು 90 ಆಯಿತು. ಇದನ್ನೆಲ್ಲ ಕೂಡಿಸಿ ನೋಡಿ. 199 ಅನ್ನುವುದು ಪೋಸ್ಟರಿಗೆ ಮಾತ್ರ.

ನಾನು: ಆ ಸೋಡಾ ವಿಷಯ ನಿಜ. ಕೆಲವು ಕಡೆ ಅದನ್ನು ಬಾಗಿಲಲ್ಲಿ ಹೇಳುತ್ತಾರೆ, ಪೋಸ್ಟರಿನಲ್ಲಿ ಹೇಳುವುದಿಲ್ಲ. ಅದಕ್ಕೇ ನಾನು ಮೊದಲೇ ಫೋನ್ ಮಾಡಿ ಕೇಳುತ್ತೇನೆ. ಇವರು ಕಡ್ಡಾಯ ಇಲ್ಲ ಅಂದರು. ಮನೆಯಿಂದ ನೀರಿನ ಬಾಟಲಿ ತರಬಹುದಾ ಅಂತಲೂ ಕೇಳಿದೆ. ಅದಕ್ಕೆ ಮಾತ್ರ ನಕ್ಕರು.

ಅಕ್ಕ: ಇಲ್ಲೂ ಅದೇ ಕಥೆ ಬಾವ. ನ್ಯೂಯಾರ್ಕಿನಲ್ಲಿ ಕಾಮಿಡಿ ಸೆಲ್ಲರ್ ಅಂತ ಒಂದು ಜಾಗ ಇದೆ. ಮ್ಯಾಕ್‌ಡೂಗಲ್ ಸ್ಟ್ರೀಟಿನ ನೆಲಮಾಳಿಗೆ, 1982ರಿಂದ ಇದೆ. ಅಲ್ಲಿ ಟಿಕೆಟ್ಟಿನ ಮೇಲೆ ಒಬ್ಬೊಬ್ಬರೂ ತಿನ್ನಲೋ ಕುಡಿಯಲೋ ಎರಡು ಐಟಂ ತಗೊಳ್ಳಲೇಬೇಕು. ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ. ಆದರೂ ಜನ ಸಾಲು ನಿಲ್ಲುತ್ತಾರೆ. ಯಾವ ದೊಡ್ಡ ಕಾಮಿಡಿಯನ್ ಹೇಳದೆ ಕೇಳದೆ ಬಂದು ಹೊಸ ಜೋಕ್ ಪರೀಕ್ಷೆ ಮಾಡುತ್ತಾನೋ ಗೊತ್ತಿಲ್ಲ, ಅಲ್ವಾ?

ತಮ್ಮ: ಸಿನಿಮಾ ಟಿಕೆಟ್ 200 ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಈ ಹುಡುಗರು ಯಾರ ಆದೇಶವೂ ಇಲ್ಲದೆ 199ಕ್ಕೆ ಕೊಡುತ್ತಿದ್ದಾರೆ. ಅದಕ್ಕೂ ತಕರಾರಾ?

ದೊಡ್ಡಪ್ಪ: ತಕರಾರು ದುಡ್ಡಿನದಲ್ಲ. ನಾನು ರಂಗಶಂಕರಕ್ಕೆ ದುಡ್ಡು ಕೊಟ್ಟೇ ಹೋಗಿದ್ದೇನೆ. ಅಲ್ಲಿ ತಡವಾಗಿ ಬಂದವನನ್ನು ಒಳಗೆ ಬಿಡುವುದಿಲ್ಲ. ಒಳಗೆ ಹೋದವನಿಗೆ ಪೂರ್ತಿ ತಯಾರಾದ ನಾಟಕ ಸಿಗುತ್ತದೆ. ಇಲ್ಲಿ ನೀನೇ ಓಪನ್ ಮೈಕ್ ಅಂತ ಬರೆದಿದ್ದೀಯ. ಅಂದರೆ ಯಾರು ಬೇಕಾದರೂ ಹತ್ತಬಹುದು. ಅರ್ಧ ಬೆಂದ ಅನ್ನ ಬಡಿಸಿ 199 ಇಡು ಅಂದರೆ ಹೇಗೆ?

(ಈ ಮಾತಿಗೆ ಏಳು ಹೆಬ್ಬೆರಳು ಬಿದ್ದವು. ನನ್ನ ಅಪ್ಪನದೂ ಒಂದು.)

ನಾನು: ಸರಿ, ಉದ್ದವಾಗಿ ಬರೆಯುತ್ತೇನೆ. ಬೈಯಬೇಡಿ.

ಅಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಸಿಗುತ್ತದೆ. ನಾಲ್ಕು ನಿಮಿಷ ಆದಾಗ ಹಿಂದಿನಿಂದ ಯಾರೋ ಮೊಬೈಲ್ ಟಾರ್ಚ್ ಹೊತ್ತಿಸುತ್ತಾರೆ, ಮುಗಿಸು ಅಂತ. ಹಿಂದೊಮ್ಮೆ ನಾನು ಹೋದಾಗ ಒಬ್ಬ ಹುಡುಗ ಬಂದ. ಬಿಎಂಟಿಸಿ ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಆ ವಿಷಯ. ಬಸ್ ಹತ್ತಿದ್ದು, 50ರ ನೋಟು ಕೊಟ್ಟದ್ದು, ರಶ್ ಇದ್ದದ್ದು, ಇಳಿಯುವಾಗ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಇದ್ದದ್ದು, ಎಲ್ಲ ಹೇಳಿದ. ಎರಡು ನಿಮಿಷ ಹೋಯಿತು. ಕೊನೆಗೆ, ‘ನನ್ನ ಹತ್ತಿರ ಇಂಥ ಟಿಕೆಟ್ ಎಷ್ಟಿವೆ ಅಂದರೆ ನಾನೀಗ ಬಿಎಂಟಿಸಿ ಷೇರುದಾರ’ ಅಂದ. ಯಾರೂ ನಗಲಿಲ್ಲ. ಏಸಿ ಸದ್ದು ಕೇಳುತ್ತಿತ್ತು. ಆಗ ಅವನು ಮಾಡಬಾರದ ಕೆಲಸ ಮಾಡಿದ. ಷೇರುದಾರ ಅಂದರೆ ಏನು ಅಂತ ವಿವರಿಸಿದ. ಪಾಪ, ಕುತ್ತಿಗೆ ಬೆವರಿ ಕಾಲರ್ ಒದ್ದೆಯಾಗಿತ್ತು.

ಸ್ವಲ್ಪ ದಿನ ಬಿಟ್ಟು ಅದೇ ಹುಡುಗನನ್ನು ಅದೇ ಜಾಗದಲ್ಲಿ ನೋಡಿದೆ. ಈ ಸಲ ಬಸ್ಸೂ ಇಲ್ಲ, ರಶ್ಶೂ ಇಲ್ಲ. ‘ಹುಡುಗಿ ನೋಡಲು ಹೋಗಿದ್ದೆ. ಆಸ್ತಿ ಏನಿದೆ ಅಂತ ಅವರಪ್ಪ ಕೇಳಿದರು’ ಅಂದ. ಸುಮ್ಮನೆ ಜೇಬಿಗೆ ಕೈ ಹಾಕಿದ. ರಬ್ಬರ್ ಬ್ಯಾಂಡ್ ಹಾಕಿದ ಬಸ್ ಟಿಕೆಟ್ ಕಂತೆ ತೆಗೆದು ಒಂದೊಂದನ್ನೇ ತಿರುಗಿಸಿ, ಹಿಂದೆ ಪೆನ್ನಿನಲ್ಲಿ ಬರೆದದ್ದನ್ನು ಓದತೊಡಗಿದ. ‘ಮೂರು ರೂಪಾಯಿ. ಏಳು ರೂಪಾಯಿ. ಇದು ಶಿವಾಜಿನಗರದ್ದು, ಹನ್ನೆರಡು.’ ಪಕ್ಕದಲ್ಲಿ ಕೂತಿದ್ದ ಹೆಂಗಸು ಮೇಜು ಕುಟ್ಟಿ ಕುಟ್ಟಿ ನಕ್ಕರು.

ಸಾಮಾನು ಅದೇ. ಬೇಡದ್ದು ಹೋಯಿತು, ನಗು ಬರಿಸುವ ವಸ್ತು ಕೊನೆಯ ಜಾಗಕ್ಕೆ ಬಂತು. ಅದನ್ನು ಅವನಿಗೆ ಹೇಳಿಕೊಟ್ಟದ್ದು ಆವತ್ತು ನಗದೆ ಕೂತಿದ್ದ ನಾವು. ಮನೆ ಕನ್ನಡಿ ಮುಂದೆ ಅಭ್ಯಾಸ ಮಾಡಿದರೆ ಅದು ಗೊತ್ತಾಗುವುದಿಲ್ಲ. ಎದುರಿಗೆ ಗುರುತಿಲ್ಲದವರು ಬೇಕು, ಅವರು ಬರುವಷ್ಟು ಅಗ್ಗದ ಟಿಕೆಟ್ ಬೇಕು. 199 ಕೊಡುವುದು ಅದಕ್ಕೆ.

ಚಿಕ್ಕಮ್ಮ: ಶಿವಾಜಿನಗರದ್ದು ಹನ್ನೆರಡು! ನಿನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. ನಕ್ಕರು. ಆಮೇಲೆ ಅವರ ಪರ್ಸಿನಲ್ಲೂ ಒಂದು ಇದೆ ಅಂದರು.

ಸೋದರಮಾವ (ಅಡ್ಮಿನ್): ಈಗ ಫೋನ್‌ಪೇ ಬಂದಿದೆಯಲ್ಲ, ಚಿಲ್ಲರೆ ಜೋಕ್ ಎಷ್ಟು ದಿನ ನಡೆಯುತ್ತೆ?

ನಾನು: ನೋಡಿ, ನೀವೂ ಫೀಡ್‌ಬ್ಯಾಕ್ ಕೊಟ್ಟಿರಿ. ನಿಮ್ಮ ಹತ್ತಿರ ಟಿಕೆಟ್ ದುಡ್ಡೇ ತಗೊಂಡಿಲ್ಲ.

ದೊಡ್ಡಪ್ಪ: ಇಷ್ಟೆಲ್ಲ ಗೊತ್ತಿರುವ ನೀನು ಇದಕ್ಕೆ ಉತ್ತರ ಕೊಡು. ಮಾಸ್ಟರ್ ಹಿರಣ್ಣಯ್ಯನವರು ಯಾವ ಓಪನ್ ಮೈಕಿನಲ್ಲಿ ಕಲಿತರು?

ನಾನು: ಪ್ರತಿ ರಾತ್ರಿ ಜನರ ಮುಂದೆ ಕಲಿತರು. ಆವತ್ತಿನ ಪೇಪರಿನ ರಾಜಕೀಯವನ್ನು ಆವತ್ತೇ ನಾಟಕದ ಮಾತಿಗೆ ಸೇರಿಸುತ್ತಿದ್ದರು ಅಂತ ನೀವೇ ನಮಗೆ ಹೇಳಿದ್ದು. ಒಂದೇ ನಾಟಕ ಸಾವಿರಾರು ಸಲ ಆಡಿದರು. ಯಾವ ಮಾತಿಗೆ ಚಪ್ಪಾಳೆ, ಯಾವ ಮಾತಿಗೆ ಕೆಮ್ಮು ಅಂತ ಗೊತ್ತಾಗಲು ಅವರಿಗೆ ಕಂಪನಿ ಇತ್ತು, ಊರೂರಿನ ಕ್ಯಾಂಪ್ ಇತ್ತು. ಪ್ರಾಣೇಶ್ ಅವರೂ ಊರೂರು ತಿರುಗಿ ಬೀಚಿಯವರನ್ನು ಹೇಳಿ ಹೇಳಿಯೇ ಅಭಿನವ ಬೀಚಿ ಅನ್ನಿಸಿಕೊಂಡರು. ಈ ಹುಡುಗರಿಗೆ ಆ ಕ್ಯಾಂಪ್ ಇಲ್ಲ. ಮೇಲ್ಮಹಡಿಯ 40 ಕುರ್ಚಿ ಇದೆ.

ದೊಡ್ಡಪ್ಪ: ಹಿರಣ್ಣಯ್ಯನವರನ್ನು ಇವರ ಜೊತೆ ಕೂಡಿಸಬೇಡ.

ನಾನು: ಕೂಡಿಸಿದ್ದು ನೀವು.

(ಇಲ್ಲಿ ಅರ್ಧ ಗಂಟೆ ಮೌನ. ಮಧ್ಯೆ ಯಾರೋ ಮೊಳಕೆ ಕಾಳಿನ ಪ್ರಯೋಜನ ಹಾಕಿದರು.)

ಅತ್ತೆ: ನನಗೆ ಬೇರೆ ಚಿಂತೆ. ಬರೀ ಕೆಟ್ಟ ಮಾತು ಆಡುತ್ತಾರಂತೆ. ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ.

ಚಿಕ್ಕಮ್ಮ: ಅತ್ತಿಗೆ, ದಾವಣಗೆರೆಗೆ ನಾಟಕ ಕಂಪನಿ ಬಂದಾಗ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತು ಆ ಡಬಲ್ ಮೀನಿಂಗ್‌ಗೆ ಸೆರಗು ಬಾಯಿಗೆ ಇಟ್ಟುಕೊಂಡು ನಗಲಿಲ್ಲವಾ? ಆಗ ಮಕ್ಕಳು ತೊಡೆ ಮೇಲೇ ಇದ್ದವು.

ಅತ್ತೆ: ಅವು ನಿದ್ದೆ ಮಾಡುತ್ತಿದ್ದವು.

ತಮ್ಮ: ನಾನು ನಿದ್ದೆ ಮಾಡುತ್ತಿರಲಿಲ್ಲ.

ನಾನು: ಅತ್ತೆ ಹೇಳುವುದರಲ್ಲೂ ಅರ್ಥ ಇದೆ. ಪೋಸ್ಟರಿನಲ್ಲೇ 18 ದಾಟಿದವರಿಗೆ ಅಂತ ಹಾಕಿದ್ದಾರೆ, ಮಕ್ಕಳು ಬೇಡ. ಹೊಸಬರು ನಗು ಬರದಿದ್ದಾಗ ಬೈಗುಳಕ್ಕೆ ಕೈ ಹಾಕುತ್ತಾರೆ. ಅದು ನನಗೂ ಬೇಸರ. ಬೈಗುಳದ್ದೇ ಜೋಕ್ ಆದರೆ ಸರಿ. ಜೋಕ್ ಇಲ್ಲ, ಬೈಗುಳ ಮಾತ್ರ ಇದೆ ಅಂದರೆ ಅದನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪುಕ್ಕಟೆ ಕೇಳಬಹುದು.

ಬಾವ: ಮುಂದಿನ ಸಾಲಿನಲ್ಲಿ ಕೂತವರನ್ನು ಹಿಡಿದು ಹಿಂಡುತ್ತಾರಲ್ಲ, ಅದಕ್ಕೇನು ಹೇಳುತ್ತೀಯ? ಹೋದ ಸಲ ‘ಸರ್ ಏನು ಕೆಲಸ’ ಅಂತ ಕೇಳಿದ. ಆಡಿಟ್ ಅಂದೆ. ಅರ್ಧ ಗಂಟೆ ಎಲ್ಲ ಕಾಮಿಡಿಯನ್ನರೂ ನನ್ನ ಮೇಲೇ ಬಿದ್ದರು. ಬಿಲ್ ಬಂದಾಗ ಹೋಸ್ಟ್ ಮೈಕಿನಲ್ಲಿ ‘ಸರ್ ಚೆಕ್ ಮಾಡುತ್ತಾರೆ ನೋಡಿ’ ಅಂದ.

ಅಕ್ಕ: ನೀವು ಚೆಕ್ ಮಾಡಿದ್ರಾ?

ಬಾವ: ಮಾಡಿದೆ. ಒಂದು ಸೋಡಾ ಜಾಸ್ತಿ ಹಾಕಿದ್ದರು.

ನಾನು: ಅದಕ್ಕೆ ಕ್ರೌಡ್ ವರ್ಕ್ ಅನ್ನುತ್ತಾರೆ ಬಾವ. ಬರೆದುಕೊಂಡು ಬಂದದ್ದು ಕೈಕೊಟ್ಟಾಗ ಮುಂದಿನ ಸಾಲೇ ಗತಿ. ಮೂರನೇ ಸಾಲಿನ ಪಕ್ಕದ ಕುರ್ಚಿ ಹಿಡಿಯಿರಿ. ಬೆಳಕು ಅಲ್ಲಿಗೆ ಬರುವುದಿಲ್ಲ. ಕೇಳಿದರೆ ಕೆಲಸ ಹುಡುಕುತ್ತಿದ್ದೇನೆ ಅನ್ನಿ. ಯಾರೂ ಮುಟ್ಟುವುದಿಲ್ಲ.

ಅಪ್ಪ: ಇವರು ಏನೋ ಹೇಳಿ, ಯಾರೋ ಬಂದು ಕುರ್ಚಿ ಮುರಿದರೆ? ಮುಂಬೈನಲ್ಲಿ ಆಯಿತಲ್ಲ.

ತಮ್ಮ: ಹೌದು, ಖಾರ್‌ನ ಹ್ಯಾಬಿಟ್ಯಾಟ್ ಅನ್ನುವ ಕಾಮಿಡಿ ಸ್ಟುಡಿಯೋ. 2025ರ ಮಾರ್ಚ್. ಕಾಮಿಡಿಯನ್ ಕುನಾಲ್ ಕಾಮ್ರಾ ಜೋಕಿಗೆ ಶಿವಸೇನೆ ಕಾರ್ಯಕರ್ತರು ನುಗ್ಗಿ ಸ್ಟುಡಿಯೋ ಪುಡಿ ಮಾಡಿದರು. ಜೋಕ್ ಹೇಳಿದವನು ಅಲ್ಲಿ ಇರಲೇ ಇಲ್ಲ. ಪೆಟ್ಟು ಬಿದ್ದದ್ದು ಜಾಗ ಕೊಟ್ಟವರಿಗೆ. ಬೆಂಗಳೂರಿನಲ್ಲೂ 2021ರ ನವೆಂಬರಿನಲ್ಲಿ ಕಾಮಿಡಿಯನ್ ಮುನವ್ವರ್ ಫಾರೂಕಿ ಶೋಗೆ ಪೊಲೀಸರು ಬೇಡ ಅಂದರು. ಅದಕ್ಕೆ ಕಾರಣ ಯಾರು ಅಂದರೆ

ಸೋದರಮಾವ (ಅಡ್ಮಿನ್): ಗ್ರೂಪಿನಲ್ಲಿ ರಾಜಕೀಯ ಬೇಡ. ನಿಯಮ ಎಲ್ಲರಿಗೂ ಗೊತ್ತಿದೆ.

ಚಿಕ್ಕಮ್ಮ: ಹಿರಣ್ಣಯ್ಯನವರ ಬಗ್ಗೆ ಮಾತಾಡಬಹುದು, ರಾಜಕೀಯದ ಬಗ್ಗೆ ಮಾತಾಡಬಾರದು. ಇದನ್ನೇ ಯಾರಾದರೂ ಸ್ಟೇಜ್ ಮೇಲೆ ಹೇಳಬೇಕು.

ದೊಡ್ಡಪ್ಪ: ನನ್ನ ಕೊನೆ ಪ್ರಶ್ನೆ. ಈ 199ರಲ್ಲಿ ಆ ಬಸ್ ಟಿಕೆಟ್ ಹುಡುಗನಿಗೆ ಎಷ್ಟು ಹೋಗುತ್ತದೆ?

(ಇದು ಸರಿಯಾದ ಪ್ರಶ್ನೆ. ಇಷ್ಟು ಹೊತ್ತು ನಾನು ಮುಟ್ಟದೆ ಬಿಟ್ಟಿದ್ದದ್ದೂ ಇದೇ.)

ನಾನು: ಓಪನ್ ಮೈಕಿನಲ್ಲಿ ಬಹಳ ಕಡೆ ಏನೂ ಇಲ್ಲ. ಜಾಗದ ಬಾಡಿಗೆ, ಸೌಂಡ್, ಶೋ ನಡೆಸುವವರು, ಅಲ್ಲಿಗೇ ಮುಗಿಯುತ್ತದೆ. ಕೆಲವು ಕಡೆ ಹತ್ತಲು ಅವರೇ ದುಡ್ಡು ಕೊಡಬೇಕು. ಪೇಯ್ಡ್ ಲೈನ್ ಅಪ್ ಶೋಗೆ, ಅಂದರೆ ಆಯ್ದ ಕೆಲವರೇ ಹತ್ತುವ ಶೋಗೆ ಬಂದ ಮೇಲೆ ಕೈಗೆ ಒಂದಿಷ್ಟು ಸಿಗುತ್ತದೆ.

ದೊಡ್ಡಪ್ಪ: ಹಾಗಾದರೆ ನೀನು ಹೇಳಿದ ಕ್ಯಾಂಪ್ ಕಥೆ ಬಿದ್ದುಹೋಯಿತು. ಕಂಪನಿಯಲ್ಲಿ ಪಾತ್ರಧಾರಿಗೆ ಊಟ ಆದರೂ ಹಾಕುತ್ತಿದ್ದರು.

ಅಕ್ಕ: ದೊಡ್ಡಪ್ಪ, ಇದೇ ಜಗಳ ಲಾಸ್ ಏಂಜಲೀಸಿನಲ್ಲಿ 1979ರಲ್ಲಿ ಆಗಿದೆ. ಕಾಮಿಡಿ ಸ್ಟೋರ್ ಅನ್ನುವ ಕ್ಲಬ್. ಮಾಲಕಿ ಮಿಟ್ಜಿ ಶೋರ್, ಇದು ನೀವು ಕಲಿಯುವ ಜಾಗ, ಸಂಬಳ ಯಾಕೆ ಅನ್ನುತ್ತಿದ್ದರು. ಕಾಮಿಡಿಯನ್ನರು ಮುಷ್ಕರಕ್ಕೆ ಕೂತರು. ಆಮೇಲೆ ಟಿವಿಯಲ್ಲಿ ಹೆಸರು ಮಾಡಿದ ಡೇವಿಡ್ ಲೆಟರ್‌ಮನ್, ಜೇ ಲೆನೋ ಎಲ್ಲ ಕ್ಲಬ್ ಮುಂದೆ ಬೋರ್ಡ್ ಹಿಡಿದು ನಿಂತರು. ಕೊನೆಗೆ ಒಂದು ಸೆಟ್ಟಿಗೆ, ಅಂದರೆ ಒಂದು ಸಲ ಸ್ಟೇಜ್ ಹತ್ತಿದರೆ, 25 ಡಾಲರ್ ಅಂತ ಒಪ್ಪಂದ ಆಯಿತು.

ದೊಡ್ಡಪ್ಪ: ನೋಡಿದೆಯಾ! ಅಮೆರಿಕಾದವರೂ ನನ್ನ ಕಡೆ.

ನಾನು: ಅರ್ಧ ನಿಮ್ಮ ಕಡೆ. ದುಡ್ಡು ಕೊಡಲೇಬೇಕು, ಒಪ್ಪಿದೆ. ಆದರೆ ಅದು ಎಲ್ಲಿಂದ ಬರಬೇಕು? ಶನಿವಾರ ರಾತ್ರಿಯ ಜಾಗ ಹಿಂದಿ, ಇಂಗ್ಲಿಷ್ ಶೋಗೆ ಹೋಗುತ್ತದೆ. ನಾನು ಕಂಡ ಹಾಗೆ ಕನ್ನಡಕ್ಕೆ ಉಳಿಯುವುದು ಭಾನುವಾರ ಸಂಜೆ 5, ಇಲ್ಲ ಮಂಗಳವಾರ. ಕನ್ನಡದಲ್ಲೂ ಸ್ಟ್ಯಾಂಡ್ ಅಪ್ ನಡೆಯುತ್ತದೆ ಅಂತ ಲೋಲ್‌ಬಾಗ್ ಕಾಮಿಡಿ ತಂಡದ ಹುಡುಗರು, ಕಾಮಿಡಿಯನ್ ಸೋನು ವೇಣುಗೋಪಾಲ್ ಇವರೆಲ್ಲ ತೋರಿಸಿಕೊಟ್ಟಿದ್ದಾರೆ. ಆದರೂ ಹೊಸಬರ ಶೋಗೆ 40 ಕುರ್ಚಿಯಲ್ಲಿ 15 ತುಂಬಿದರೆ ಕ್ಲಬ್ಬಿನವರು ಕನ್ನಡ ಓಡುವುದಿಲ್ಲ ಅನ್ನುತ್ತಾರೆ. ನಾವು ರಾಜ್ಯೋತ್ಸವಕ್ಕೆ ಹಳದಿ ಕೆಂಪು ಡಿಪಿ ಹಾಕಿಕೊಂಡು ಮನೆಯಲ್ಲೇ ಕೂತು ರೀಲ್ಸ್ ನೋಡುತ್ತೇವೆ.

ತಮ್ಮ: ಡಿಪಿ ವಿಷಯ ಯಾರಿಗೆ ಹೇಳಿದ್ದು ಅಂತ ಗೊತ್ತಾಯಿತು. ನನ್ನದೂ ಒಂದು ಟಿಕೆಟ್ ಮಾಡು.

ಬಾವ: ನನ್ನದೂ. ಮೂರನೇ ಸಾಲು, ಪಕ್ಕದ್ದು. ಸೋಡಾ ಬೇಡ.

ಅತ್ತೆ: ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋಗಿ. ಬಂದು ಕಥೆ ಹೇಳಿ, ಕೆಟ್ಟದ್ದನ್ನು ಬಿಟ್ಟು.

ಚಿಕ್ಕಮ್ಮ: ಕೆಟ್ಟದ್ದನ್ನು ಬೇರೆ ಮೆಸೇಜಿನಲ್ಲಿ ಕಳಿಸುತ್ತೇನೆ.

ದೊಡ್ಡಪ್ಪ: ನಾನು ಮೈಸೂರಿನಿಂದ ಇದಕ್ಕೆ ಬರುವುದಿಲ್ಲ. ಬೇಯುವಾಗ ನೋಡುವ ಆಸೆ ನನಗಿಲ್ಲ. ಆದರೆ ನಮ್ಮ ಗಣಪತಿ ಪೆಂಡಾಲಿನಲ್ಲಿ ಮೂರನೇ ದಿನ ಸಂಜೆ ಖಾಲಿ ಇದೆ. ಆ ಹುಡುಗನಿಗೆ ಅಷ್ಟರಲ್ಲಿ ಅರ್ಧ ಗಂಟೆ ಆಗುವಷ್ಟು ಸರಕು ಇದ್ದರೆ ಕೇಳಿ ನೋಡು. ಬೈಗುಳ ಇರಬಾರದು. ಎಷ್ಟು ತಗೊಳ್ಳುತ್ತಾನೆ ಅಂತಲೂ ಕೇಳು.

ನಾನು: ಕೇಳುತ್ತೇನೆ. ಪ್ರಸಾದಕ್ಕೆ ಬಾ ಅಂತ ಮಾತ್ರ ಹೇಳುವುದಿಲ್ಲ. ಬಸ್ ಚಾರ್ಜ್, ಊಟ, ಸಂಭಾವನೆ ಮೂರೂ ಬೇಕು.

ದೊಡ್ಡಪ್ಪ: ಕಮಿಟಿಯಲ್ಲಿ ಇಡುತ್ತೇನೆ. ಹೋದ ಸಲ ಆರ್ಕೆಸ್ಟ್ರಾದವರಿಗೇ ಇನ್ನೂ 500 ಬಾಕಿ ಇದೆ.

ಬಾವ: ಹಾಗಾದರೆ ಇವನಿಗೂ ಟಿಕೆಟ್ ಹಿಂದೆ ಬರೆದುಕೊಡಿ.