ಸಹಾಯ ಬೇಕು: ರಾಯಚೂರಿನ ಬೇಸಿಗೆಗೆ ಪೀಸ್ ಲಿಲಿ ಸೊರಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಡಸಾಲೆಯ ಪೀಸ್ ಲಿಲಿ ಹೂ ಬಿಟ್ಟಿದೆ, ಆದರೆ ಹೊಸ ಮೊಗ್ಗು ಸುರುಳಿ ಬಿಚ್ಚುವ ಮುನ್ನವೇ ಕಂದುತ್ತಿದೆ. ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಅರಳಿದ ಹೂ ಹಳೆಯದಾದಂತೆ ಹಸಿರಾಗುವುದು ಸಹಜ, ಅದರ ಚಿಂತೆಯಿಲ್ಲ. ನೇರ ಬಿಸಿಲು ಬೀಳುವುದಿಲ್ಲ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕುತ್ತೇನೆ. ನನ್ನ ಅನುಮಾನವೆಲ್ಲ ಕೊಳವೆಬಾವಿಯ ಗಡಸು ನೀರಿನ ಮೇಲೆ: ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆ. ತೇವದ ಕಾಡಿನ ಗಿಡಕ್ಕೆ 40 ಡಿಗ್ರಿ ದಾಟುವ ನಮ್ಮ ಒಣಹವೆಯೂ ಕಷ್ಟವೇ.

ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಇದನ್ನು ಬೇಸಿಗೆ ದಾಟಿಸಿದವರು ಯಾವ ನೀರು ಹಾಕುತ್ತೀರಿ? ಕೂಲರ್ ಇರುವ ಕೋಣೆಯಲ್ಲಿ ಇಡಬಹುದೇ? ಮಣ್ಣು ಈಗಲೇ ಬದಲಿಸಬೇಕೇ, ಮಳೆಗಾಲದವರೆಗೆ ಕಾಯಬೇಕೇ? ಈ ಗಿಡವೆಂದರೆ ಅಮ್ಮನಿಗೆ ಪ್ರಾಣ. ಅನುಭವವಿದ್ದವರು ದಯವಿಟ್ಟು ತಿಳಿಸಿ.