ಅಲ್ಸಾಸ್‌ನಲ್ಲಿ ಒಂದೇ ಒಂದು ವೈನ್ ಮನೆತನ ನೋಡುವುದಾದರೆ ಯಾವುದು?

ಪ್ರಶ್ನೆ, ಸ್ಟಟ್‌ಗಾರ್ಟ್‌ನಿಂದ: ನಮಸ್ಕಾರ. ಅಕ್ಟೋಬರ್‌ನಲ್ಲಿ ಅಣ್ಣ, ಅತ್ತಿಗೆ ಧಾರವಾಡದಿಂದ ಬರುತ್ತಿದ್ದಾರೆ. ಫ್ರಾನ್ಸ್‌ನ ಅಲ್ಸಾಸ್ ಸೀಮೆಯ ಕೋಲ್ಮಾರ್‌ನಲ್ಲಿ ಎರಡು ದಿನ ಇರುತ್ತೇವೆ. ತಲೆತಲಾಂತರದಿಂದ ಒಂದೇ ಮನೆಯವರು ನಡೆಸಿಕೊಂಡು ಬಂದಿರುವ ದ್ರಾಕ್ಷಿ ತೋಟ ನೋಡಬೇಕೆಂದು ಅಣ್ಣನ ಆಸೆ. ವೈನ್ ಬಗ್ಗೆ ನಮಗೆ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲಿಗೆ ಹೋಗಬೇಕು, ಊರಿಗೆ ಯಾವ ಬಾಟಲಿ ಕೊಟ್ಟು ಕಳಿಸಬೇಕು? ಹೋಗಿಬಂದವರು ದಯವಿಟ್ಟು ತಿಳಿಸಿ.

ಸ್ಟ್ರಾಸ್‌ಬುರ್ಗ್‌ನಿಂದ: ರಿಕ್‌ವೀರ್‌ಗೆ ಹೋಗಿ, ಹ್ಯೂಗೆಲ್ ಮನೆತನದವರದ್ದು ನೋಡಿ. ಊರಿಗೆ ರೈಲಿಲ್ಲ, ಕೋಲ್ಮಾರ್‌ನಿಂದ ಬಸ್ಸಿದೆ. ಅಂಗಡಿಯಲ್ಲಿ ರುಚಿ ನೋಡಿ ಕೊಳ್ಳಬಹುದು. ನೆಲಮಾಳಿಗೆ ನೋಡಬೇಕಿದ್ದರೆ ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಅಕ್ಟೋಬರ್ ಎಂದರೆ ಅವರಿಗೆ ಕೊಯ್ಲಿನ ಕೆಲಸ ಮೈಮೇಲಿರುತ್ತದೆ.

ಫ್ರೈಬುರ್ಗ್‌ನಿಂದ: ಮೇಲಿನವರು ಹೇಳಿದ್ದು ಸರಿ. ನಾನು ಮೂರು ಸಲ ಹೋಗಿದ್ದೇನೆ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಯುವ ಮನೆ, ಹಾಗಾಗಿ ಎಲ್ಲಿ ಬಳ್ಳಿ ಕಂಡರೂ ಕಾಲು ನಿಲ್ಲುತ್ತದೆ. ವೋಜ್ ಬೆಟ್ಟಸಾಲು ಪಶ್ಚಿಮದ ಮೋಡಗಳನ್ನು ತಡೆಯುವುದರಿಂದ ಕೋಲ್ಮಾರ್ ಸೀಮೆ ಮಳೆನೆರಳಿನಲ್ಲಿದೆ, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ನಮ್ಮ ಕಡೆಯ ಲೆಕ್ಕವೇ!

ಮೂವತ್ತು ವರ್ಷಗಳ ಯುದ್ಧದಲ್ಲಿ ಆ ನಾಡು ಹಾಳುಬಿದ್ದಿದ್ದಾಗ, 1639ರಲ್ಲಿ ಹಾನ್ಸ್ ಉಲ್ರಿಕ್ ಹ್ಯೂಗೆಲ್ ರಿಕ್‌ವೀರ್‌ನಲ್ಲಿ ನೆಲೆನಿಂತ. ಅಂದಿನಿಂದ ಅದೇ ವಂಶದವರು. 1871ರಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಯಿತು, 1918ರಲ್ಲಿ ಫ್ರಾನ್ಸ್‌ಗೆ ಮರಳಿತು, 1940ರಲ್ಲಿ ಮತ್ತೆ ಜರ್ಮನಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪುನಃ ಫ್ರಾನ್ಸ್. 1942ರಿಂದ ಅಲ್ಲಿನ ಹುಡುಗರನ್ನು ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಎಳೆದುಕೊಂಡು ಹೋದರು. ಇಷ್ಟೆಲ್ಲ ಆದರೂ ಬಳ್ಳಿ ಕತ್ತರಿಸುವ ಕೈ ಬದಲಾಗಲಿಲ್ಲ ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಎರಡು ಬರ ಬಂದರೆ ತೋಟ ಕಿತ್ತು ಕಬ್ಬು ಹಾಕುವ ಮಾತು ಮನೆಯಲ್ಲಿ ಶುರುವಾಗುತ್ತಿತ್ತು.

ನೆಲಮಾಳಿಗೆಗೆ ಬಿಟ್ಟರೆ 'ಸಾಂತ್ ಕತ್ರೀನ್' ಪೀಪಾಯಿಯ ಮುಂದೆ ಐದು ನಿಮಿಷ ನಿಲ್ಲಿ. ಅದನ್ನು ಮಾಡಿದ್ದು 1715ರಲ್ಲಿ. ಎಂಟು ಸಾವಿರ ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಇವತ್ತಿಗೂ ವೈನ್ ತುಂಬುತ್ತಾರೆ. ಇಂಥ ಪೀಪಾಯಿಗಳ ಬುಡದಲ್ಲಿ ಪುಟ್ಟ ಬಾಗಿಲಿರುತ್ತದೆ. ಹೆಗಲು ಓರೆ ಮಾಡಿಕೊಂಡು ಒಬ್ಬರು ಒಳಗೆ ನುಸುಳಿ ತೊಳೆಯಬೇಕು. ಅಷ್ಟು ಹಳೆಯ ಓಕ್ ಮರ ತನ್ನ ರುಚಿಯನ್ನು ವೈನ್‌ಗೆ ಬಿಡುವುದಿಲ್ಲ. ಹಣ್ಣಿನ ರುಚಿ ಕೆಡದೆ ಉಳಿಯಬೇಕು ಎಂಬುದೇ ಅವರಿಗೆ ಬೇಕಾದದ್ದು.

ನನ್ನನ್ನು ಬೆರಗಾಗಿಸಿದ್ದು ಬೇರೊಂದು. ದ್ರಾಕ್ಷಿಗೆ ಬೂಸ್ಟು ಎಂದರೆ ನಮ್ಮಪ್ಪ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಇವರು ಒಂದು ಬಗೆಯ ಬೂಸ್ಟಿಗಾಗಿ ಕಾಯುತ್ತಾರೆ! ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಇದ್ದರೆ ಬೊಟ್ರೈಟಿಸ್ ಎಂಬ ಶಿಲೀಂಧ್ರ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ. ನೀರು ಆರಿ, ಸಕ್ಕರೆ ಮತ್ತು ಹುಳಿ ಗಟ್ಟಿಯಾಗುತ್ತವೆ. ನಾವು ಒಣದ್ರಾಕ್ಷಿ ಶೆಡ್ಡಿನಲ್ಲಿ ಮಾಡುವ ಕೆಲಸವನ್ನು ಅದು ಬಳ್ಳಿಯ ಮೇಲೆಯೇ ಮಾಡಿಬಿಡುತ್ತದೆ. ನೇರಳೆ ಛಾಯೆಯ ಕಂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದ ಆ ಹಣ್ಣುಗಳನ್ನು ಕೈಯಿಂದಲೇ ಆರಿಸುತ್ತಾರೆ. ಅದರ ವೈನ್ 'ಸೆಲೆಕ್ಸಿಯೋಂ ದ ಗ್ರೆಂ ನೋಬ್ಲ್'. ತಡವಾಗಿ ಕೊಯ್ದ ಹಣ್ಣಿನದು 'ವಾಂದಾಂಜ್ ತಾರ್ದೀವ್'. ಈ ಎರಡು ಹೆಸರುಗಳನ್ನು ಯಾರೆಂದರೆ ಅವರು ಬಳಸದಂತೆ 1984ರಲ್ಲಿ ಕಾನೂನು ಬಂತು. ಅದರ ಕರಡು ಬರೆದು ಓಡಾಡಿದವರು ಇದೇ ಮನೆಯ ಜಾನ್ ಹ್ಯೂಗೆಲ್. ಹೊರಗಿನಿಂದ ಸಕ್ಕರೆ ಬೆರೆಸುವಂತಿಲ್ಲ ಎಂಬುದು ಅದರಲ್ಲಿ ಮುಖ್ಯ. ಅವರು 2009ರಲ್ಲಿ ತೀರಿಕೊಂಡರು. ಈ ವೈನ್‌ಗಳ ಬೆಲೆ ಹೆಚ್ಚು, ಆದರೂ ಒಂದು ಗುಟುಕು ರುಚಿ ನೋಡಲು ಸಿಕ್ಕರೆ ಬಿಡಬೇಡಿ. ಅಂಗಡಿಯಿಂದ ಹೊರಬಂದ ಮೇಲೆ ಶೋನೆನ್‌ಬುರ್ಗ್ ಇಳಿಜಾರು ಹತ್ತಿ. ಅವರ ಒಳ್ಳೆಯ ರೀಸ್ಲಿಂಗ್ (ಬಿಳಿ ವೈನಿನ ದ್ರಾಕ್ಷಿ ತಳಿ) ಬೆಳೆಯುವುದು ಅಲ್ಲೇ, ಊರಿನ ಗೋಡೆ ದಾಟಿದರೆ ಸಾಕು.

ಬಾಸೆಲ್‌ನಿಂದ: ಬಾಟಲಿಯ ವಿಷಯ ನಾನು ಹೇಳುತ್ತೇನೆ. ಮೊದಲ ಸಲ ಬೇರೊಂದು ಕಡೆ ಚೀಟಿಯ ಚಂದ ನೋಡಿ ಗೆವುರ್ಟ್ಸ್‌ಟ್ರಮೀನರ್ ಎಂಬ ಇನ್ನೊಂದು ತಳಿಯ ವೈನ್ ತಂದೆ. ಅತಿ ಸಿಹಿ. ಮೀನಿನ ಸಾರಿನ ಜೊತೆ ಕುಡಿದು ಎರಡೂ ಕೆಟ್ಟವು. 'ಸೆಕ್' ಎಂದು ಬರೆದಿದ್ದರೆ ಸಿಹಿಯಿಲ್ಲದ್ದು, 'ಮ್ವಲೋ' ಎಂದಿದ್ದರೆ ಸಿಹಿ. ಇದನ್ನು ನೆನಪಿಟ್ಟುಕೊಳ್ಳಿ. ಹುಣಸೆ, ನಿಂಬೆ ಇರುವ ಅಡುಗೆಗೆ ರೀಸ್ಲಿಂಗ್. ಗೆವುರ್ಟ್ಸ್‌ಟ್ರಮೀನರ್‌ಗೆ ಗುಲಾಬಿ, ಲಿಚಿಯ ಘಮವಿದೆ, ಗಸಗಸೆ ತೆಂಗಿನಕಾಯಿ ಅರೆದು ಹಾಕಿದ ಕೋಳಿ ಸಾರಿಗೆ ನಮ್ಮ ಮನೆಯಲ್ಲಿ ಚೆನ್ನಾಗಿ ಹೊಂದಿತು. ಹೊಸಬರಿಗೆ ಹ್ಯೂಗೆಲ್‌ನವರ 'ಜಾಂತಿ' ಒಳ್ಳೆಯ ಆರಂಭ. ಹಲವು ತಳಿ ಬೆರೆಸಿದ್ದು, ಬೆಲೆಯೂ ಕೈಗೆಟುಕುತ್ತದೆ. ಅತ್ತಿಗೆಯವರು ಶುದ್ಧ ಸಸ್ಯಾಹಾರಿಗಳಾದರೆ ಕೊಳ್ಳುವ ಮೊದಲು ಕೇಳಿ. ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ, ಮೀನಿನ ಅಂಟು ಬಳಸುವ ಪದ್ಧತಿ ಕೆಲವೆಡೆ ಇದೆ.

ಮತ್ತೆ ಸ್ಟ್ರಾಸ್‌ಬುರ್ಗ್‌ನಿಂದ: ಭಾರತಕ್ಕೆ ಒಬ್ಬರು ಸುಂಕವಿಲ್ಲದೆ 2 ಲೀಟರ್ ಒಯ್ಯಬಹುದು, ಅಂದರೆ ತಲೆಗೆ ಎರಡು ಬಾಟಲಿ. ಅಲ್ಸಾಸ್ ಬಾಟಲಿಯ ಕೊರಳು ಉದ್ದ, ಸೂಟ್‌ಕೇಸಿನ ಅಂಚಿಗೆ ತಾಗಿದರೆ ಅಲ್ಲೇ ಒಡೆಯುತ್ತದೆ. ಓರೆಯಾಗಿ ಮಲಗಿಸಿ, ಕೊರಳಿಗೆ ಹತ್ತಿ ಸೀರೆ ಸುತ್ತಿ.